ಅಣ್ಣನ ಅಳತೆ, ಅತ್ತಿಗೆಯ ದೋಣಿ

ನಮ್ಮಣ್ಣ ಬಡಗಿ. ಅವನ ಕೈಕೆಲಸದ ಬಗ್ಗೆ ಎರಡು ಮಾತಿಲ್ಲ. ಅವನ ಬಾಯಿಯ ಬಗ್ಗೆ ಮಾತ್ರ ನನ್ನ ಹತ್ತಿರ ಇನ್ನೂರು ಮಾತಿವೆ. ನಾನು ಮೂವತ್ತು ವರ್ಷದಿಂದ ಗಾಡಿಗಳ ಹೊಟ್ಟೆಯಡಿ ಮಲಗಿ ಬೋಲ್ಟ್ ಬಿಗಿಯುತ್ತಿದ್ದೇನೆ. ಬೀದಿಯವರೆಲ್ಲ ನನ್ನನ್ನು ಬೋಲ್ಟಕ್ಕ ಎಂದು ಕರೆದು ಸಲಹೆ ಕೇಳುತ್ತಾರೆ. ಅಣ್ಣನಿಗೆ ಮಾತ್ರ ನಾನು ಇವತ್ತಿಗೂ ಅವನ ಮೊಳೆಡಬ್ಬಿ ಚೆಲ್ಲಿದ ಪುಟ್ಟ ತಂಗಿ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಹನ್ನೆರಡು ವರ್ಷದ ಹಿಂದೆ ಅವನು ಹಳೆಯ ಸಾಮಾನು ವ್ಯಾನೊಂದನ್ನು ತಂದು, ಅದರ ಬೆನ್ನ ಮೇಲೆ ತನ್ನ ಕೈಯಾರೆ ಪುಟ್ಟ ಮನೆ ಕಟ್ಟಿ, ಮೋಟರ್‌ಹೋಮ್ ಮಾಡಿಕೊಂಡ. ಮಡಚುವ ಮಂಚ, ಎಳೆದರೆ ಮೇಜಾಗುವ ಬಾಗಿಲು, ಚಮಚಕ್ಕೊಂದು ಗೂಡು. ಅತ್ತಿಗೆಯನ್ನು ಕರೆದುಕೊಂಡು ಸುತ್ತಿದ್ದೂ ಸುತ್ತಿದ್ದೇ. ಆದರೆ ಎಲ್ಲಿಗೆ ಹೋಗಬೇಕು, ಎಷ್ಟು ದಿನ ಇರಬೇಕು ಎಲ್ಲವೂ ಅವನದೇ ತೀರ್ಮಾನ. ಅತ್ತಿಗೆ "ಆಯ್ತು" ಅನ್ನುವವರು.

ಅಂಥ ಅತ್ತಿಗೆ ಐವತ್ತೊಂಬತ್ತನೇ ವಯಸ್ಸಿನಲ್ಲಿ ಊರಾಚೆಯ ಕೆರೆಗೆ ಹೋಗಿ ದೋಣಿ ನಡೆಸುವುದನ್ನು ಕಲಿತರು. ಮೊದಲ ತಿಂಗಳು ನೀರಿಗೆ ಬಿದ್ದಿದ್ದೇ ಹೆಚ್ಚು. ಎರಡು ವರ್ಷ ಕಳೆಯುವಷ್ಟರಲ್ಲಿ ಒಬ್ಬರೇ ಕೂರುವ ಉದ್ದನೆಯ ಹಗುರ ದೋಣಿಯಲ್ಲಿ ಕೆರೆಯನ್ನು ಹತ್ತು ಸುತ್ತು ಹಾಕುತ್ತಿದ್ದರು. ಕಲಿಸಿದಾಕೆ ನಿವೃತ್ತಳಾಗುವಾಗ ಆ ದೋಣಿಯನ್ನೂ ಅದರ ಟ್ರೇಲರನ್ನೂ ಇವರಿಗೇ ಕೊಟ್ಟುಬಿಟ್ಟಳು. ಆಮೇಲೆ ದೂರದ ಜಲಾಶಯದಲ್ಲಿ ಅರವತ್ತು ದಾಟಿದ ಹೆಂಗಸರ ಪಂದ್ಯವಿದೆ, ಅವರವರ ದೋಣಿ ಅವರವರೇ ತರಬೇಕು ಎಂಬ ಸುದ್ದಿ ಬಂತು. ಪಂದ್ಯ ಭಾನುವಾರ. ಅದಕ್ಕೂ ಹಿಂದಿನ ಭಾನುವಾರ ಊಟಕ್ಕೆ ಕೂತಾಗ ಅತ್ತಿಗೆ ಅಂದರು:

"ರೀ, ನನ್ನ ದೋಣೀನ ಕರ್ಕೊಂಡು ಹೋಗ್ಬೇಕು."

ಹೊರುವುದಲ್ಲ, ಸಾಗಿಸುವುದಲ್ಲ, ಮೊಮ್ಮಗುವಿನ ಹಾಗೆ ಕರ್ಕೊಂಡು ಹೋಗುವುದು. ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ದೋಣಿಯ ಟ್ರೇಲರ್ ಎಳೆಯಬೇಕಾದರೆ ಗಾಡಿಯ ಹಿಂದೆ ಟೋಬಾರ್ ಬೇಕು, ಅಂದರೆ ಗುಂಡು ತಲೆಯ ಕೊಂಡಿ. ಅದನ್ನು ಅಣ್ಣ ಕಟ್ಟಿದ ಮರದ ಮನೆಗೆ ನೇತುಹಾಕಲು ಬರುವುದಿಲ್ಲ. ಅಡಿಯಲ್ಲಿರುವ ಚಾಸಿಗೇ ಕೂರಿಸಬೇಕು. ಚಾಸಿಯ ಎರಡು ಕಬ್ಬಿಣದ ಕಂಬಿಗಳು ಮನೆಯ ಹಿಂಗೋಡೆಯವರೆಗೆ ಬರದೆ ಒಳಗೇ ಮುಗಿಯುತ್ತವೆ. ಆ ನಡುವಿನ ಅಂತರ ತುಂಬಲು ಎಕ್ಸ್‌ಟೆನ್ಷನ್ ಹಾಕುತ್ತಾರೆ. ಇಂಥ ಚಾಸಿಗೆ ಮೂರು ಉದ್ದದಲ್ಲಿ ಸಿಗುತ್ತದೆ: ಗಿಡ್ಡ, ನಡುವಿನದು, ಉದ್ದ. ಗಿಡ್ಡದ್ದು ತಂದು ಎಳೆದು ಉದ್ದ ಮಾಡುವಂತಿಲ್ಲ. ಚಾಸಿಗೆ ಬೆಸುಗೆ ಹಾಕುವಂತಿಲ್ಲ, ಹೊಸ ತೂತು ಕೊರೆಯುವಂತೆಯೂ ಇಲ್ಲ. ಕಂಪನಿ ಬಿಟ್ಟ ತೂತಿಗೇ ಬೋಲ್ಟ್ ಕೂರಬೇಕು. ಆದ್ದರಿಂದ ಆರಿಸುವಾಗಲೇ ಸರಿಯಾಗಿ ಆರಿಸಬೇಕು.

ನನ್ನದೊಂದು ಪದ್ಧತಿಯಿದೆ. ಟೇಪು ಹಿಡಿಯುವ ಮೊದಲು ಕಂಬಿಯನ್ನು ಉದ್ದಕ್ಕೂ ಸುತ್ತಿಗೆಯಿಂದ ತಟ್ಟಿಕೊಂಡು ಹೋಗುತ್ತೇನೆ. ಎಲ್ಲಿ ತುಕ್ಕು, ಎಲ್ಲಿ ಬಿರುಕು, ಸದ್ದಿನಲ್ಲೇ ಗೊತ್ತಾಗುತ್ತದೆ. ಸೋಮವಾರ ಗಾಡಿಯಡಿ ಮಲಗಿ ಸುತ್ತಿಗೆ ಎತ್ತಿದೆನೋ ಇಲ್ಲವೋ, ಅಣ್ಣ ಹೊರಗಿನಿಂದ ಕೂಗಿದ.

"ಏಯ್, ಸುತ್ತಿಗೆ ಕೆಳಗಿಡು! ಪೇಂಟು ಕಿತ್ತು ಬರುತ್ತೆ. ಇದರ ಒಂದೊಂದು ಇಂಚೂ ನಂಗೊತ್ತು. ಅಳತೆ ತಗೋ ಸಾಕು."

"ತಟ್ಟದೆ ನಾನು ಅಳೆಯಲ್ಲ."

"ಹಾಗಾದ್ರೆ ಈಚೆ ಬಾ, ನಾನೇ ಅಳೀತೀನಿ."

ಅಳೆದ. ಕಂಬಿಯ ತುದಿಯಿಂದ ಹಿಂಗೋಡೆಗೆ ಐವತ್ತೈದು ಸೆಂಟಿಮೀಟರ್. ನಡುವಿನದು ಸಾಕು ಎಂದು ಅವನೇ ಅಂಗಡಿಗೆ ಫೋನ್ ಮಾಡಿದ. ನಾನೂ ಬಗ್ಗಿ ನೋಡಿದೆ: ಕರಿ ಪೇಂಟಿನ ಎರಡು ಕಂಬಿ, ನೀಟಾದ ಎರಡು ತುದಿ, ಅವುಗಳಿಂದ ಇಳಿಬಿಟ್ಟ ಅವನ ಉಪಕರಣಗಳ ದೊಡ್ಡ ಪೆಟ್ಟಿಗೆ. ಹೋಗಲಿ, ಅಣ್ಣನ ಹತ್ತಿರ ಯಾಕೆ ಜಗಳ ಎಂದು ಸುಮ್ಮನಾದೆ. ತಪ್ಪಾಗಿದ್ದು ಅಲ್ಲೇ. ಬೇರೆ ಯಾರ ಗಾಡಿಯಾಗಿದ್ದರೂ ನಾನು ಸುಮ್ಮನಾಗುತ್ತಿರಲಿಲ್ಲ.

ಗುರುವಾರ ಎಕ್ಸ್‌ಟೆನ್ಷನ್ ಬಂತು. ಕಂಬಿಗೆ ಜೋಡಿಸಿ ನೋಡಿದರೆ ಒಂದು ತೂತೂ ಕೂಡುತ್ತಿಲ್ಲ. ಕೂಡುವುದಿರಲಿ, ಕಂಬಿಯ ತುದಿಯಲ್ಲಿ ತೂತೇ ಇಲ್ಲ. ಮೈಯೆಲ್ಲ ಉರಿಯಿತು. ಯಾರ ಪೇಂಟಾದರೂ ಕಿತ್ತು ಬರಲಿ ಎಂದು ಸುತ್ತಿಗೆ ಎತ್ತಿಕೊಂಡೆ. ಠಣ್, ಠಣ್, ಠಣ್, ಧಪ್.

ಇನ್ನೊಮ್ಮೆ ತಟ್ಟಿದೆ. ಧಪ್. ಉಗುರಿನಿಂದ ಕೆರೆದೆ. ಕರಿ ಬಣ್ಣದ ಕೆಳಗೆ ಹೊಂಬಣ್ಣದ ಎಳೆ ಎಳೆ.

"ಅಣ್ಣಾ," ಎಂದೆ ಒಳಗಿನಿಂದಲೇ, "ನಿನ್ನ ಚಾಸಿಗೆ ಗೆದ್ದಲು ಹಿಡಿಯುತ್ತಾ?"

ಅವನು ತೆವಳಿಕೊಂಡು ಬಂದು ನನ್ನ ಪಕ್ಕದಲ್ಲೇ ಮಲಗಿದ. ನೆನಪಾಗಿತ್ತು. ಹನ್ನೆರಡು ವರ್ಷದ ಹಿಂದೆ ಪೆಟ್ಟಿಗೆ ಇಳಿಬಿಡಲು ಜಾಗ ಸಾಲದೆ, ಕಂಬಿಯನ್ನು ಮರದಲ್ಲೇ ಒಂದು ಗೇಣು ಚಿಲ್ಲರೆ ಮುಂದುವರಿಸಿ, ಸಂದು ಕಾಣದಂತೆ ಕೂಡಿಸಿ, ಕರಿ ಬಳಿದುಬಿಟ್ಟಿದ್ದ. ಕಬ್ಬಿಣವನ್ನು ಮರದಿಂದ ಉದ್ದ ಮಾಡುವ ಬುದ್ಧಿ ಬಡಗಿಗಲ್ಲದೆ ಇನ್ನಾರಿಗೆ ಬರಬೇಕು! ಮುಖ ಪೆಚ್ಚಾಗಿತ್ತು. ಆದರೂ ಕೇಳಿಯೇ ಬಿಟ್ಟ:

"ನಿಂಗೂ ಗೊತ್ತಾಗ್ಲಿಲ್ಲ, ಅಲ್ವಾ?"

"ಇಲ್ಲ," ಎಂದೆ. ಸಿಟ್ಟಿನಲ್ಲಿದ್ದರೂ ಸುಳ್ಳು ಹೇಳಲಾಗಲಿಲ್ಲ. ಅಷ್ಟು ಚೆಂದವಿತ್ತು ಕೆಲಸ.

ನಿಜವಾದ ಅಂತರ ಎಂಬತ್ತೈದು. ಹಾಗಾದರೆ ಉದ್ದದ್ದೇ ಬೇಕು. ಅಂಗಡಿಗೆ ಫೋನ್ ಮಾಡಿದೆ; ಒಂದು ಜೊತೆ ಇದೆ, ಬದಲಾಯಿಸಿ ಕೊಡುತ್ತೇವೆ ಎಂದರು. ಆದರೆ ಉದ್ದದ್ದಕ್ಕೆ ಅಡಿಯಿಂದ ಅಡ್ಡಲಾಗಿ ಒಂದು ಆಸರೆ ಪಟ್ಟಿ ಬರುತ್ತದೆ. ಅದು ಹಾದುಹೋಗಬೇಕಾದದ್ದು ಸರಿಯಾಗಿ ಅಣ್ಣನ ಪೆಟ್ಟಿಗೆಯ ಹೊಟ್ಟೆಯೊಳಗೆ.

ಆ ಪೆಟ್ಟಿಗೆಯೆಂದರೆ ಅವನಿಗೆ ಪ್ರಾಣ. ಒಂದೂ ಮೊಳೆಯಿಲ್ಲದೆ ಹೆಣೆದದ್ದು, ಒಳಗೆ ಪ್ರತಿ ಉಳಿಗೂ ಅದರದೇ ಆಕಾರದ ಹಾಸಿಗೆ. ಗಾಡಿಯ ಮೈಗೇ ಸೇರಿಸಿ ಕಟ್ಟಿದ್ದರಿಂದ ಬಿಚ್ಚಿ ತೆಗೆಯುವಂತೆಯೂ ಇಲ್ಲ, ತೆಗೆಯಬೇಕಾದರೆ ಕೊಯ್ಯಬೇಕು.

"ಬೇರೆ ದಾರಿ?" ಎಂದು ಕೇಳಿದ.

"ಇಲ್ಲ ಕಣೋ. ಪೆಟ್ಟಿಗೆ ಇರ್ಬೇಕು, ಇಲ್ಲಾ ದೋಣಿ ಪಂದ್ಯಕ್ಕೆ ಹೋಗ್ಬೇಕು."

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಪರವಾಗಿಲ್ಲ ಬಿಡಿ, ಮುಂದಿನ ವರ್ಷ ನೋಡೋಣ," ಎಂದು ಒಳಗೆ ಹೋದರು. ಅವರ "ಪರವಾಗಿಲ್ಲ" ಕೇಳಿ ನನಗೆ ಅಳು ಬಂತು. ನಾನು ಅಣ್ಣನಿಗೆ ಒಂದು ಮಾತೂ ಹೇಳದೆ ಅಂಗಡಿಗೆ ಹೊರಟೆ. ಬೈದರೆ ಅವನು ಹಟ ಹಿಡಿಯುತ್ತಾನೆ, ಅದು ಐವತ್ತು ವರ್ಷದ ಅನುಭವ.

ಉದ್ದದ್ದನ್ನು ಹೊತ್ತು ವಾಪಸು ಬಂದಾಗ ಗಾಡಿಯಡಿಯಿಂದ ಗರಗಸದ ಸದ್ದು ಬರುತ್ತಿತ್ತು. ಅಣ್ಣನ ತಲೆ, ಹುಬ್ಬು, ಮೀಸೆ ತುಂಬ ಮರದ ಪುಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರನ ಕೈಯಲ್ಲೇ ದೊಣ್ಣೆ. ಅತ್ತಿಗೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೊಯ್ದ ಹಲಗೆಗಳನ್ನು ಒಂದೊಂದಾಗಿ ಈಸಿಕೊಂಡು ಜೋಡಿಸಿಡುತ್ತಿದ್ದರು.

"ಪೆಟ್ಟಿಗೆ ಕೊಯ್ದುಬಿಡಿ ಅಂತ ಆಗ್ಲೇ ಕೇಳ್ಬಹುದಿತ್ತು ನಾನು," ಎಂದರು ಅತ್ತಿಗೆ.

"ಕೇಳಿದ್ರೆ ಕೊಡ್ತಿರ್ಲಿಲ್ಲ," ಎಂದ ಅಣ್ಣ, ಗರಗಸ ನಿಲ್ಲಿಸದೆ.

ನಿಜ ಹೇಳುತ್ತೇನೆ, ಅರವತ್ತೇಳು ವರ್ಷದ ಅವನ ಬಾಯಿಂದ ಬಂದ ಮಾತುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಎಂಟು ಬೋಲ್ಟ್, ಎಂಟು ತೂತು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಕೂತವು. ಟ್ರೇಲರ್ ಸಿಕ್ಕಿಸಿ, ದೋಣಿ ಕಟ್ಟಿ ಓಣಿಯಲ್ಲಿ ಒಂದು ಸುತ್ತು ಹಾಕಿದೆವು. ಎದುರುಮನೆಯ ದರ್ಜಿ ಕತ್ತರಿ ಕೈಯಲ್ಲಿ ಹಿಡಿದೇ ಓಡಿಬಂದು, "ಬೋಲ್ಟಕ್ಕ, ಇದೇನು ಮನೇನೇ ಎಳ್ಕೊಂಡು ಹೊರಟಿದೀರಿ?" ಎಂದ. "ಮನೆ ಎಳೆಯೋದು, ದೋಣಿ ಬರೋದು," ಎಂದೆ.

ಭಾನುವಾರ ಬೆಳಿಗ್ಗೆ ಜಲಾಶಯದ ದಡದಲ್ಲಿ ನೋಡಿದರೆ, ಅರವತ್ತು ದಾಟಿದವರ ಪಂದ್ಯಕ್ಕೆ ಬಂದಿದ್ದವರು ಇಬ್ಬರೇ. ಒಬ್ಬರು ನಮ್ಮತ್ತಿಗೆ. ಇನ್ನೊಬ್ಬರು ಎಂಬತ್ತೊಂದು ವರ್ಷದ ಅಜ್ಜಿ. ಬೊಚ್ಚುಬಾಯಿ, ಕಡ್ಡಿಯಂಥ ತೋಳು. ಅಣ್ಣ ನನ್ನ ಕಿವಿಯಲ್ಲಿ, "ಗೆದ್ದ ಹಾಗೇ ಬಿಡು," ಎಂದ.

ಸೀಟಿ ಊದಿದರು. ಅಣ್ಣ ಕೂಗುತ್ತ ದಡದುದ್ದಕ್ಕೂ ಓಡಿದ; ಒಂದು ಚಪ್ಪಲಿ ಎಲ್ಲೋ ಬಿತ್ತು, ತಿರುಗಿ ನೋಡಲಿಲ್ಲ. ಅರ್ಧ ದಾರಿಯವರೆಗೂ ಅತ್ತಿಗೆಯೇ ಮುಂದಿದ್ದರು. ಆಮೇಲೆ ಆ ಅಜ್ಜಿ, ಅವಸರವೇ ಇಲ್ಲದೆ, ಒಂದೇ ಹದದಲ್ಲಿ ಹುಟ್ಟು ಹಾಕುತ್ತ ಬಂದು, ಅತ್ತಿಗೆಯನ್ನು ದಾಟಿ, ಅರ್ಧ ದೋಣಿಯಷ್ಟು ಅಂತರದಲ್ಲಿ ಗೆದ್ದೇ ಬಿಟ್ಟರು.

ಇಷ್ಟೆಲ್ಲ ಮಾಡಿದ್ದು ಇದಕ್ಕಾ ಅನ್ನಿಸಿತು ನನಗೆ. ಅಣ್ಣ ಸಮಾಧಾನ ಹೇಳಲೆಂದು ಮೊಣಕಾಲುದ್ದ ನೀರಿಗಿಳಿದ. ಅತ್ತಿಗೆ ದೋಣಿಯಲ್ಲೇ ಕೂತು, ಏದುಸಿರು ಬಿಡುತ್ತ, ಬಿದ್ದು ಬಿದ್ದು ನಗುತ್ತಿದ್ದರು.

"ನೋಡಿದ್ರಾ ರೀ ಅವ್ರನ್ನ? ಎಂಬತ್ತೊಂದು! ಅಂದ್ರೆ ನಂಗಿನ್ನೂ ಇಪ್ಪತ್ತು ವರ್ಷ ಇದೆ!"

ಅಣ್ಣ ನೀರಲ್ಲಿ ನಿಂತೇ ಬೆರಳು ಮಡಚಿ ಲೆಕ್ಕ ಹಾಕಿದ. "ಆಗ ನಂಗೆ ಎಂಬತ್ತೇಳು ಆಗಿರುತ್ತಲ್ಲೇ. ಗಾಡಿ ಯಾರು ಓಡಿಸ್ತಾರೆ?"

"ನಾನೇ ಓಡಿಸ್ತೀನಿ," ಎಂದರು ಅತ್ತಿಗೆ, ದೋಣಿಯಿಂದ ಇಳಿಯಲು ಅವನತ್ತ ಕೈ ಚಾಚುತ್ತ. "ನೀವು ಪಕ್ಕದಲ್ಲಿ ಕೂತಿರಿ, ಸಾಕು."