ಪಡುವಣಕ್ಕೆ ಮುಖ

ಹಸಿ ಜೇಡಿಮಣ್ಣನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ ಸುತಿನಾಳ ಕೈಯಲ್ಲಿ ಒಂದು ಉಂಡೆಯೂ ನೆಟ್ಟಗಾಗಲಿಲ್ಲ. ತಾಯಿ ಪೋನಿಯೆಮ್‌ಳನ್ನು ಗೋರಿಯಲ್ಲಿ ಬಲಮಗ್ಗುಲಿಗೆ ಮಲಗಿಸಿದ ಮೇಲೆ ಬೆನ್ನಿಗೆ ಒತ್ತುಕೊಡಲು ಬೇಕಾದ ಉಂಡೆಗಳು ಅವು.

"ಸಣ್ಣದಾಯ್ತು ಕಣೇ," ಪಕ್ಕದ ಮನೆಯ ತುಮಿನಾ ಗದರಿದಳು. "ನಿಮ್ಮಮ್ಮನ ಅನ್ನದುಂಡೆನೇ ಇದಕ್ಕಿಂತ ದಪ್ಪ ಇರ್ತಿತ್ತು. ಹೇಳಿದ್ಯಾ ನಿಮ್ಮಣ್ಣಂಗೆ?"

"ಇಲ್ಲ."

"ಯಾವಾಗ ಹೇಳ್ತೀಯ, ಮಣ್ಣು ಮುಚ್ಚಿದ್ಮೇಲಾ?"

ಅಣ್ಣ ಲೆಗಿಮನ್ ಆಗಲೇ ಗುಂಡಿಯೊಳಗೆ ಇಳಿದಿದ್ದ. ತಾಯಿಯನ್ನು ಕೈಯಾರೆ ಇಳಿಸಿಕೊಳ್ಳುವುದು ಮಗನ ಪಾಲಿನ ಕೆಲಸ. ತಲೆ ದಕ್ಷಿಣಕ್ಕಿಟ್ಟರೆ ಮುಖ ಮೂಡಣಕ್ಕೆ, ಮೆಕ್ಕಾದ ಕಡೆಗೆ, ಉತ್ತರಕ್ಕಿಟ್ಟರೆ ಪಡುವಣಕ್ಕೆ. ಇದೊಂದು ದಿಕ್ಕಿಗಾಗಿ ದಕ್ಷಿಣ ಅಮೆರಿಕದ ಸುರಿನಾಮಿನ ಆ ಜಾವಾ ಜನರ ಊರಿನಲ್ಲಿ ಎರಡು ಮಸೀದಿಗಳಿದ್ದವು. ಚಿಕ್ಕಪ್ಪನನ್ನು ಪಡುವಣಕ್ಕೆ ಮಲಗಿಸಿದ ದಿನ ಲೆಗಿಮನ್ ಹಿಡಿಮಣ್ಣೂ ಹಾಕದೆ ಎದ್ದು ಹೋಗಿದ್ದ. ಆ ಮನೆಯ ಹೊಸಿಲನ್ನು ಮತ್ತೆ ತುಳಿದಿರಲಿಲ್ಲ. ಈಗ ಸುತಿನಾಳಿಗೆ ತನ್ನವರೆಂದು ಉಳಿದವನು ಆ ಅಣ್ಣನೊಬ್ಬನೇ.

*

ಪೋನಿಯೆಂ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಕಬ್ಬಿನ ತೋಟದ ಕೂಲಿಗೆ ಹೊರಟ ಅಪ್ಪನ ಜೊತೆ ಜಾವಾದಲ್ಲಿ ಹಡಗು ಹತ್ತಿದವಳು. ಅಲ್ಲಿ ಮೆಕ್ಕಾ ಪಡುವಣಕ್ಕಿತ್ತು. ಸಮುದ್ರ ದಾಟಿ ಬಂದ ಮೇಲೆ ಅದು ಮೂಡಣಕ್ಕಾಗಿದೆಯೆಂದು ತಿಳಿದವರು ಹೇಳಿದರೂ ಅಪ್ಪ ಕೇಳಲಿಲ್ಲ. ಅವನು ನಿಂತ ದಿಕ್ಕಿಗೇ ಮಗಳೂ ನಿಂತಳು. ಕಬ್ಬು ಕಡಿದಳು, ಗಂಡನನ್ನು ಮಣ್ಣು ಮಾಡಿದಳು, ಸಂತೆಯಲ್ಲಿ ಬಾಳೆಹಣ್ಣು ಕರಿದು ಮಾರಿ ಮಕ್ಕಳನ್ನು ಸಾಕಿದಳು. ದಿಕ್ಕು ಮಾತ್ರ ಬದಲಿಸಲಿಲ್ಲ.

ಮಗ ಮೂಡಣದವರ ಜೊತೆ ಸೇರಿದ ಮೇಲೆ ಅವನ ಮೊಪೆಡ್ಡಿನ ಸದ್ದು ಕೇಳಿದರೆ ಸಾಕು, ಮುದುಕಿ ಧಡಬಡಿಸಿ ನಮಾಜಿನ ಚಾಪೆ ತಿರುಗಿಸುತ್ತಿದ್ದಳು.

"ಯಾಕಮ್ಮ ಈ ನಾಟ್ಕ?" ಸುತಿನಾ ನಕ್ಕಿದ್ದಳು.

ತಾಯಿ ನಗಲಿಲ್ಲ. "ಅವ್ನು ಬರೋದು ಬಿಟ್ಬಿಟ್ರೆ? ಬದುಕಿರೋ ತನ್ಕ ನಾನೇ ತಿರುಗ್ತೀನಿ. ಸತ್ಮೇಲೆ ತಿರುಗಕ್ಕಾಗಲ್ವಲ್ಲ, ಆಗ ನೀನು ಹೇಳು. ನಮ್ಮಪ್ಪ ತೋರ್ಸಿದ ದಿಕ್ಕಿಗೆ ಬೆನ್ನು ಹಾಕಿ ಮಲಗಿಸ್ಬೇಡ ಕಣವ್ವ."

*

"ತಲೆ ಯಾವ ಕಡೆ?" ಚಟ್ಟ ಹೊತ್ತವರು ಕೇಳಿದರು.

"ದಕ್ಷಿಣಕ್ಕೆ," ಗುಂಡಿಯೊಳಗಿಂದ ಲೆಗಿಮನ್ ಹೇಳಿದ.

ಸುತಿನಾಳ ಕೈಯಲ್ಲಿದ್ದ ಉಂಡೆ ಹಿಸುಕಿ ಹೋಯಿತು.

"ಅಣ್ಣಾ, ಉತ್ತರಕ್ಕೆ."

"ಏನೇ ನಿಂದು? ಅಮ್ಮ ಮೂಡಣಕ್ಕೆ ತಿರುಗಿ ನಮಾಜ್ ಮಾಡೋದನ್ನ ನಾನೇ ಕಣ್ಣಾರೆ ನೋಡಿದೀನಿ."

"ನೀನು ಬಂದಾಗ ಮಾತ್ರ. ನಿನ್ ಗಾಡಿ ಸದ್ದು ಕೇಳಿ ಚಾಪೆ ತಿರುಗಿಸ್ತಿದ್ಲು."

ಲೆಗಿಮನ್ ತಂಗಿಯನ್ನೇ ನೋಡಿದ.

"ಅಮ್ಮ ನಂಗೆ ಹೆದರ್ತಿದ್ಲಾ?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ಎರಡೂ ಕೈಗಳನ್ನು ಗುಂಡಿಯ ಅಂಚಿಗೆ ಊರಿದ. ಹತ್ತಿ ಹೋಗಿಬಿಡುತ್ತಾನೆ, ಇನ್ನು ಈ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ ಎಂದುಕೊಂಡಳು ಅವಳು.

ಅವನು ಹತ್ತಲಿಲ್ಲ. ಆ ಇಕ್ಕಟ್ಟಿನಲ್ಲೇ ಮೈ ತಿರುಗಿಸಿ, ಮಣ್ಣಿಗೆ ಅಂಗಿ ಉಜ್ಜಿಕೊಂಡು, ಉತ್ತರದ ತುದಿಗೆ ಹೋಗಿ ಕೈಯೆತ್ತಿ ನಿಂತ. ಹೊತ್ತವರು ಚಟ್ಟ ತಿರುಗಿಸಿದರು. ತಾಯಿಯನ್ನು ಮಲಗಿಸಿ, ಬೆನ್ನಿಗೆ ಒಂದು ಉಂಡೆ ಒತ್ತಿದ. ಇನ್ನೊಂದು ಒತ್ತಿದ. ಸಾಕಾಗಿತ್ತು, ಆದರೂ ತಲೆಯೆತ್ತದೆ ತಂಗಿಯ ಕಡೆ ಕೈ ಚಾಚಿದ.

"ಇನ್ನೂ ಕೊಡೇ. ನನ್ ಸದ್ದು ಕೇಳಿ ಮೂಡಣಕ್ಕೆ ಹೊರಳಿಬಿಟ್ಟಾಳು."