ಟಾರ್ನೀಟಿನ ಸ್ವಿಟ್ಜರ್ಲೆಂಡ್

ಸಂಯುಕ್ತಾ ಸುಳ್ಳುಗಾರ್ತಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅವಳು ಹೇಳುವುದನ್ನೆಲ್ಲ ಕೇಳಿದ ಮೇಲೆ ಯಾರೂ ಈ ಮಾತನ್ನು ನಂಬುವುದಿಲ್ಲ. ತುಮಕೂರಿನ ಹುಡುಗಿ, ಇಪ್ಪತ್ನಾಲ್ಕು ವರ್ಷ, ಸಿಡ್ನಿಯಲ್ಲಿ ನೀರಿನ ಶುದ್ಧೀಕರಣದ ಬಗ್ಗೆ ಮಾಸ್ಟರ್ಸ್ ಓದುತ್ತಿದ್ದಳು. ಅಲ್ಲಿನ ಪೆಂಡಲ್ ಹಿಲ್ ಬಡಾವಣೆಯಲ್ಲಿ ಶ್ರೀಕಂಠಯ್ಯ ಮತ್ತು ವಾಸಂತಿ ಎಂಬ ಮೈಸೂರಿನ ದಂಪತಿಯ ಮನೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದಳು. ಬಾಡಿಗೆ ಅನ್ನುವುದು ಹೆಸರಿಗೆ ಮಾತ್ರ. ಸಾರು ಕುದಿಯುವ ಹೊತ್ತಿಗೆ ಆಂಟಿ ಹಿತ್ತಲ ಬಾಗಿಲಿನಿಂದ ಒಂದು ಕೂಗು ಹಾಕಿದರೆ ಅವಳು ತಟ್ಟೆ ಹಿಡಿದು ಒಳಗೆ ಬರಬೇಕು, ಅಷ್ಟೇ.

ಎರಡು ಸಾವಿರದ ಏಳರಲ್ಲಿ ಅವಳಿಗೆ ಒಂದು ಸೆಮಿಸ್ಟರ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಓದುವ ಅವಕಾಶ ಸಿಕ್ಕಿತು. ಅವಳಿಗಿಂತ ಹೆಚ್ಚು ಕುಣಿದಾಡಿದವರು ವಾಸಂತಿ ಆಂಟಿ. ಅವರ ತಮ್ಮ ಗುರುದತ್ತ ಇದ್ದದ್ದು ಅದೇ ಜ್ಯೂರಿಕ್‌ನಲ್ಲಿ. ಅಕ್ಕ ತಮ್ಮ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಅಮ್ಮ ತೀರಿಕೊಂಡಾಗ ಗುರುದತ್ತ ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಅಮ್ಮನ ಹಿತ್ತಾಳೆಯ ಚಕ್ಕುಲಿ ಒರಳು ಸಾಕು ಅಂದಿದ್ದ. ಅದು ಆಂಟಿಯ ಸಾಮಾನಿನ ಜೊತೆ ಸಿಡ್ನಿಗೆ ಬಂದು ಕೂತಿತ್ತು, ಆ ಕಡೆ ಹೋಗುವವರಿಗಾಗಿ ಕಾಯುತ್ತ.

ಪೆಂಡಲ್ ಹಿಲ್‌ನ ನಮ್ಮವರಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಟಿಕೆಟ್ ಬುಕ್ ಮಾಡಿದರು ಅಂದರೆ ಅವರ ಸೂಟ್‌ಕೇಸಿನ ಅರ್ಧ ಭಾಗ ಊರಿನ ಆಸ್ತಿ. ಪೋಸ್ಟಿಗೆ ಹಾಕುವುದು ಅಂದರೆ ಸಂಬಂಧ ಕಡಿದುಕೊಂಡ ಹಾಗೆ. ಆದರೆ ಟಿಕೆಟ್ ತೆಗೆದವರೆಲ್ಲ ಬೆಂಗಳೂರಿಗೆ ಹೋಗುತ್ತಿದ್ದರೇ ಹೊರತು ಒಬ್ಬನಾದರೂ ಸ್ವಿಟ್ಜರ್ಲೆಂಡಿಗೆ ಹೋಗಿರಲಿಲ್ಲ. ಈಗ ಸಂಯುಕ್ತಾ ಸಿಕ್ಕಿದ್ದಳು.

ಬೀಳ್ಕೊಡುಗೆ ಊಟಕ್ಕೆ ಮೂವತ್ತು ಜನ ಬಂದರು. ಆಂಟಿ ಅದೇ ಒರಳಿನಲ್ಲಿ ಕೊನೆಯ ಸಲ ಎಂದು ಡಬ್ಬಿಗಟ್ಟಲೆ ಚಕ್ಕುಲಿ ಒತ್ತಿದರು. ಆಮೇಲೆ ಒರಳು, ಅದರ ಹಿಡಿ, ಬಿಲ್ಲೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟರು. ಸಂಯುಕ್ತಾಳಿಗೆ ಹಾರವೊಂದು ಹಾಕಲಿಲ್ಲ, ಉಳಿದದ್ದೆಲ್ಲ ಆಯಿತು.

ಮಾರನೆಯ ದಿನವೇ ಮೇಲ್ ಬಂತು. ಜ್ಯೂರಿಕ್‌ನ ಲ್ಯಾಬಿನಲ್ಲಿ ಪೈಪು ಒಡೆದು ನೆಲಮಾಳಿಗೆಯೆಲ್ಲ ನೀರು ತುಂಬಿಕೊಂಡಿದೆ, ಸದ್ಯಕ್ಕೆ ಬರಬೇಡಿ, ಮುಂದಿನ ಸೆಮಿಸ್ಟರಿಗೆ ನೋಡೋಣ. ನೀರಿನ ಬಗ್ಗೆ ಓದಲು ಹೊರಟವಳನ್ನು ನೀರೇ ತಡೆದಿತ್ತು. ಇಲ್ಲಿನ ಪ್ರೊಫೆಸರ್ ಮರುಕಪಟ್ಟು, ಈ ಸೆಮಿಸ್ಟರ್ ಸುಮ್ಮನೆ ಹಾಳಾಗುವುದು ಬೇಡ, ಮೆಲ್ಬರ್ನ್‌ನಲ್ಲಿ ಒಂದು ಪ್ರಾಜೆಕ್ಟ್ ಇದೆ, ಹೋಗು ಎಂದರು.

ಹೇಳಿಬಿಡೋಣ ಎಂದೇ ಅವಳು ಅಡುಗೆಮನೆಗೆ ಹೋದಳು. ಆಂಟಿ ಮೇಜಿನ ಮುಂದೆ ಕೂತು ಒರಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಪ್ಪ ದಾರದಿಂದ ನಾಲ್ಕೂ ಕಡೆ ಹೊಲಿಯುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

"ಪೋಸ್ಟ್ ಗೀಸ್ಟ್ ಎಲ್ಲ ಬೇಡ ಕಣೇ ಸಂಯು. ಕೈಯಿಂದ ಕೈಗೆ ಕೊಡ್ಬೇಕು. ನೀನು ಕೊಟ್ರೆ ನಾನೇ ಹೋಗಿ ಕೊಟ್ಟ ಹಾಗೆ. ಮಾತು ಕೊಡು."

"ಹೂಂ ಆಂಟಿ," ಅಂದಳು ಸಂಯುಕ್ತಾ. ಹೇಳಬೇಕೆಂದುಕೊಂಡಿದ್ದು ಬೇರೆ, ಬಾಯಿಂದ ಬಂದದ್ದು ಇದು. ಬಂದ ಮಾತನ್ನು ವಾಪಸ್ ನುಂಗುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಹೊರಡುವ ದಿನ ಅಂಕಲ್‌ಗೆ ಪ್ಯಾರಮಟ್ಟಾದ ಆಫೀಸಿನಲ್ಲಿ ಮೀಟಿಂಗು ಇತ್ತು. ಪುಣ್ಯ. ಅವಳು ಒಬ್ಬಳೇ ರೈಲಿನಲ್ಲಿ ಏರ್‌ಪೋರ್ಟಿಗೆ ಹೋಗಿ, ಡೊಮೆಸ್ಟಿಕ್ ಸ್ಟೇಷನ್ನಿನಲ್ಲಿ ಕಳ್ಳಿಯ ಹಾಗೆ ಇಳಿದುಕೊಂಡಳು.

ಟಾರ್ನೀಟ್ ಆಗಿನ್ನೂ ಮೆಲ್ಬರ್ನ್‌ನ ಅಂಚಿನ ಬಯಲು. ಅರ್ಧ ಕಟ್ಟಿದ ಮನೆಗಳು, ನೆಟ್ಟ ಮೂರು ದಿನಕ್ಕೇ ಬಾಡಿದ ಗಿಡಗಳು, ಗಾಳಿ. ಅಲ್ಲೊಂದು ಮನೆಯಲ್ಲಿ ಕೋಣೆ ಹಿಡಿದು, ಒರಳಿನ ಗಂಟನ್ನು ಮಂಚದ ಕೆಳಗೆ ತಳ್ಳಿ, ಕಾಲಿಂಗ್ ಕಾರ್ಡ್ ಕೆರೆದು ಸಂಯುಕ್ತಾ ಮೊದಲು ಫೋನ್ ಮಾಡಿದ್ದು ಜ್ಯೂರಿಕ್‌ಗೆ. ಗುರುದತ್ತನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಆ ಕಡೆಯಿಂದ ನಗು ಕೇಳಿಸಿತು.

"ಅದನ್ನ ಪೋಸ್ಟ್ ಮಾಡಿಬಿಡಮ್ಮ, ನಾನು ಅಕ್ಕಂಗೆ ನೀನೇ ತಂದುಕೊಟ್ಟೆ ಅಂತೀನಿ."

"ಆಗಲ್ಲ ಗುರು ಅಂಕಲ್. ಕೈಯಿಂದ ಕೈಗೆ ಅಂತ ಮಾತು ಕೊಟ್ಟಿದೀನಿ."

"ಇರೋ ದೇಶವೇ ಸುಳ್ಳು. ಇದೊಂದು ಮಾತು ಉಳಿಸ್ಕೋತೀಯಾ?"

"ಇದೊಂದಾದ್ರೂ ಉಳೀಲಿ ಅಂತ."

ಗುರುದತ್ತ ಮೂವತ್ತೊಂಬತ್ತರ ಒಂಟಿ ಮನುಷ್ಯ, ಇಂಥ ಕಿತಾಪತಿ ಸಿಕ್ಕದೆ ಒಳಗೊಳಗೇ ಒಣಗಿಹೋಗಿದ್ದ ಎಂದು ಕಾಣುತ್ತದೆ. ಅಂಕಲ್ ಎಂದದ್ದಕ್ಕೆ ಸ್ವಲ್ಪ ನೊಂದುಕೊಂಡನಾದರೂ, ಒರಳು ಬಂದು ಸೇರಿದೆ ಎಂದು ಅಕ್ಕನಿಗೆ ಹೇಳಲು ಒಪ್ಪಿದ. ಅಷ್ಟೇ ಅಲ್ಲ, ಪ್ರತಿ ಶನಿವಾರ ಅವಳಿಗೆ ಮೇಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಾಠ ಕಳಿಸಲು ಶುರು ಮಾಡಿದ. ಅಲ್ಲಿನ ಚಳಿ ಎಷ್ಟು, ಟ್ರಾಮಿನ ಬಣ್ಣ ಯಾವುದು, ಭಾನುವಾರ ಬಟ್ಟೆ ಒಗೆದರೆ ಪಕ್ಕದ ಮನೆಯವರು ಹೇಗೆ ಮುಖ ಸಿಂಡರಿಸುತ್ತಾರೆ, ಖಾಲಿ ಬಾಟಲಿಯನ್ನು ಯಾವ ದಿನ ಎಸೆಯಬಾರದು, ಎಲ್ಲ. ಸಂಯುಕ್ತಾ ಪರೀಕ್ಷೆಗೆ ಓದುವವರ ಹಾಗೆ ಓದಿಕೊಳ್ಳುತ್ತಿದ್ದಳು.

ಪರೀಕ್ಷೆ ಪ್ರತಿ ಭಾನುವಾರ ಸಂಜೆ ಆರಕ್ಕೆ. ಅಂದರೆ ಜ್ಯೂರಿಕ್‌ನಲ್ಲಿ ಬೆಳಿಗ್ಗೆ ಹತ್ತು. ಅವಳು ಆಂಟಿಗೆ ಫೋನ್ ಹಚ್ಚಿದ ಕೂಡಲೇ ಒಂದು ದೊಡ್ಡ ಆಕಳಿಕೆ ತೆಗೆಯುತ್ತಿದ್ದಳು. "ಈಗಷ್ಟೇ ಎದ್ದೆ ಆಂಟಿ." ಮೊದಮೊದಲು ಆಕಳಿಕೆ ನಾಟಕದಂತಿತ್ತು, ಮೂರನೆಯ ವಾರಕ್ಕೆ ಆರು ಗಂಟೆ ಅಂದರೆ ತಾನಾಗಿಯೇ ಬರತೊಡಗಿತು.

ಎಡವಟ್ಟುಗಳೂ ಆದವು. ಆ ವರ್ಷ ಮೆಲ್ಬರ್ನ್‌ನಲ್ಲಿ ನೀರಿಗೆ ತತ್ವಾರ. ಸ್ನಾನ ಮಾಡುವಾಗ ಕಾಲ ಬಳಿ ಬಕೆಟ್ ಇಟ್ಟುಕೊಂಡು, ಆ ನೀರನ್ನು ಗಿಡಕ್ಕೆ ಹಾಕಬೇಕಿತ್ತು. ಸಂಯುಕ್ತಾ ಮಾತಿನ ಭರದಲ್ಲಿ ಅದನ್ನು ಹೇಳಿಬಿಟ್ಟಳು.

"ಸ್ವಿಟ್ಜರ್ಲೆಂಡಲ್ಲಿ ನೀರಿಲ್ವೇನೇ? ಅಷ್ಟೊಂದು ಕೆರೆ ಇದೆಯಂತೆ," ಅಂದರು ಆಂಟಿ.

"ಅದು... ನಮ್ಮ ಪ್ರಾಜೆಕ್ಟ್ ಆಂಟಿ. ನಾವೇ ಅಳೀಬೇಕು, ಎಷ್ಟು ನೀರು ಖರ್ಚಾಗುತ್ತೆ ಅಂತ."

ಇನ್ನೊಂದು ದಿನ ಫೋನ್ ಹಿಡಿದು ಅಂಗಳದಲ್ಲಿ ನಿಂತಿದ್ದಾಗ ಬೇಲಿಯ ಮೇಲೊಂದು ಮ್ಯಾಗ್‌ಪೈ, ಆಸ್ಟ್ರೇಲಿಯಾದ ಕಪ್ಪುಬಿಳುಪು ಹಕ್ಕಿ, ಗಂಟಲು ಬಿಚ್ಚಿ ಹಾಡಿತು. ಇನ್ನೊಂದು ರಿಸೀವರ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅಂಕಲ್, "ಅರೆ, ಅಲ್ಲೂ ನಮ್ಮ ಮ್ಯಾಗ್‌ಪೈನೇ ಇದ್ಯಲ್ಲಮ್ಮ," ಅಂದರು. ಟೀವಿ ಎಂದು ಹೇಳಿ ಪಾರಾದಳು. ಪಾರಾದ ಮೇಲೆ ಒಳಗೆ ಬಂದು ಮಂಚದ ಮೇಲೆ ಕೂತಳು. ನಾಚಿಕೆಯಾಯಿತು. ತಾಯಿಯ ಹಾಗೆ ತಟ್ಟೆಗೆ ಬಡಿಸಿದವರಿಗೆ ಇಷ್ಟೊಂದು ಸುಳ್ಳು ಪೋಣಿಸುತ್ತಿದ್ದೇನಲ್ಲ, ಗೊತ್ತಾದ ದಿನ ಆ ಹಿತ್ತಲ ಬಾಗಿಲಿನ ಕೂಗು ನಿಂತುಹೋಗುತ್ತದಲ್ಲ ಎಂದು ಕೊರಗಿದಳು. ಕೋಣೆ ಹೋದರೆ ಇನ್ನೊಂದು ಸಿಗುತ್ತದೆ, ಆ ಕೂಗು ಸಿಗುವುದಿಲ್ಲ. ಮಂಚದ ಕೆಳಗಿನ ಗಂಟನ್ನು ಎಳೆದು, ದೂಳು ಒರೆಸಿ, ಮತ್ತೆ ಒಳಗೆ ಇಟ್ಟಳು. ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ.

ದೀಪಾವಳಿಯ ದಿನ ಆಂಟಿಯ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು. "ಗುರು ಫೋನ್ ಮಾಡಿದ್ದ ಕಣೇ. ಅಮ್ಮನ ಒರಳಲ್ಲಿ ಚಕ್ಕುಲಿ ಒತ್ತಿದ್ನಂತೆ. ಮುಳ್ಳುಮುಳ್ಳಾಗಿ, ಅಮ್ಮನ ಕೈಯಲ್ಲಿ ಬರ್ತಿತ್ತಲ್ಲ, ಹಾಗೇ ಬಂತಂತೆ. ನೀನೂ ತಿಂದ್ಯಂತೆ."

"ಹೂಂ ಆಂಟಿ. ತುಂಬಾ ಚೆನ್ನಾಗಿತ್ತು."

"ಎಷ್ಟು ತಿಂದೆ?"

"ಆರು."

"ಆರು," ಎಂದು ಆಂಟಿ ತಾವೂ ಒಮ್ಮೆ ಹೇಳಿಕೊಂಡು ಫೋನ್ ಇಟ್ಟರು.

ಅಲ್ಲಿಂದ ಮುಂದೆ ಆಂಟಿಯ ಪ್ರಶ್ನೆಗಳು ಯಾಕೋ ಚುರುಕಾದವು. ಜ್ಯೂರಿಕ್‌ನ ದೊಡ್ಡ ಗಡಿಯಾರದ ಮುಳ್ಳು ಯಾವ ಬಣ್ಣ? ನಿಮ್ಮ ಮನೆಯ ಕಿಟಕಿಯಿಂದ ಕಾಣುವ ಬೆಟ್ಟದ ಹೆಸರೇನು? ಸಂಯುಕ್ತಾ ಗುರುದತ್ತನಿಗೆ ಮೇಲ್ ಮೇಲೆ ಮೇಲ್ ಬರೆದಳು. ಅವನು ಉತ್ತರದ ಕೆಳಗೆಲ್ಲ ನಗುವ ಮುಖದ ಚಿತ್ರ ಹಾಕಿ ಕಳಿಸುತ್ತಿದ್ದ.

ಕ್ರಿಸ್‌ಮಸ್ ಹೊತ್ತಿಗೆ ಅವಳು ಸಿಡ್ನಿಗೆ ಮರಳಿದಳು, ಮೆಲ್ಬರ್ನ್‌ನ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಸ್ವಿಸ್ ಚಾಕೊಲೇಟ್ ಸಮೇತ. ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದಳು. ಶ್ರೀಕಂಠಯ್ಯ ಅಂಕಲ್ ಡಬ್ಬಿಯನ್ನು ತಿರುಗಿಸಿ, ತಳದಲ್ಲಿ ಸಣ್ಣ ಅಕ್ಷರದಲ್ಲಿದ್ದ ಆಸ್ಟ್ರೇಲಿಯಾದ ಆಮದುದಾರರ ವಿಳಾಸವನ್ನು ಕನ್ನಡಕ ಏರಿಸಿ ಓದಿದರು. ಆಮೇಲೆ ಎರಡು ಚಾಕೊಲೇಟ್ ಬಾಯಿಗೆ ಹಾಕಿಕೊಂಡರು. ಒರಳಿನ ಗಂಟು ಮಾತ್ರ ಈಗ ಅದರ ಒಡತಿಯ ಮನೆಯಲ್ಲೇ, ಹಿತ್ತಲ ಕೋಣೆಯ ಕಪಾಟಿನಲ್ಲಿ, ಸಂಯುಕ್ತಾಳ ಚೂಡಿದಾರಗಳ ಹಿಂದೆ ಅಡಗಿ ಕೂತಿತ್ತು. ಆಂಟಿ ಒಗೆದ ಹಾಸು ಹಿಡಿದು ಒಳಗೆ ಬಂದಾಗಲೆಲ್ಲ ಅವಳು ಕಪಾಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು.

ಸಂಕ್ರಾಂತಿಯ ದಿನ ಮತ್ತೆ ಮೂವತ್ತು ಜನ. ಎಳ್ಳು ಬೆಲ್ಲ ಹಂಚಿದ ಮೇಲೆ ಆಂಟಿ ಚಪ್ಪಾಳೆ ತಟ್ಟಿ, "ಈಗ ನಮ್ಮ ಸಂಯು ಸ್ವಿಟ್ಜರ್ಲೆಂಡ್ ಬಗ್ಗೆ ಹತ್ತು ನಿಮಿಷ ಮಾತಾಡ್ತಾಳೆ," ಎಂದು ಘೋಷಿಸಿದರು. ಸಂಯುಕ್ತಾ ಎದ್ದು ನಿಂತಳು. ಗುರುದತ್ತನ ಪಾಠಗಳನ್ನು ಗಡಗಡನೆ ಒಪ್ಪಿಸಿದಳು. ಭಾನುವಾರದ ಬಟ್ಟೆ, ಬಾಟಲಿ, ಟ್ರಾಮು, ಗಡಿಯಾರ. ಮುಂದೆ ಕೂತಿದ್ದ ಪುಟ್ಟ ಅನನ್ಯಾ ಕೈಯೆತ್ತಿ, "ಡಿಡ್ ಯೂ ಟಚ್ ಎ ಕೌ?" ಎಂದು ಕೇಳಿದಳು. ಹಸುವಿನ ಪಾಠ ಬಂದಿರಲಿಲ್ಲ. ಸಂಯುಕ್ತಾ ಬೆವೆತುಹೋದಳು. "ಅವಳು ಮುಟ್ಟಿಲ್ಲಮ್ಮ, ದೂರದಿಂದ ನೋಡಿದಾಳೆ. ತುಂಬಾ ದೂರದಿಂದ," ಎಂದು ಆಂಟಿಯೇ ಉತ್ತರ ಕೊಟ್ಟು ಕಾಫಿ ತರಲು ಒಳಗೆ ಹೋದರು.

ಅದೇ ವಾರ ಜ್ಯೂರಿಕ್‌ನಿಂದ ಮೇಲ್ ಬಂತು. ಲ್ಯಾಬ್ ಒಣಗಿದೆ, ಫೆಬ್ರವರಿಯಲ್ಲಿ ಬನ್ನಿ.

ಸಂಯುಕ್ತಾ ಮೇಲ್ ಓದಿ ನಕ್ಕಳು, ಆಮೇಲೆ ತಲೆ ಹಿಡಿದುಕೊಂಡಳು. ಹೋಗಿಬಂದ ದೇಶಕ್ಕೆ ಮೊದಲ ಸಲ ಹೋಗುವುದನ್ನು ಯಾರಿಗೆ ಹೇಗೆ ಹೇಳುವುದು? ಎರಡು ದಿನ ಯೋಚಿಸಿ, ಇದ್ದುದರಲ್ಲಿ ಸುಲಭವಾದದ್ದನ್ನೇ ಮಾಡಿದಳು. ಆಂಟಿಯ ಮುಂದೆ ನಿಂತು, "ಈ ಸೆಮಿಸ್ಟರ್ ಮೆಲ್ಬರ್ನ್‌ನಲ್ಲಿ ಪ್ರಾಜೆಕ್ಟ್ ಬಂದಿದೆ ಆಂಟಿ. ಟಾರ್ನೀಟ್ ಅಂತ ಒಂದು ಸಬರ್ಬ್, ಅಲ್ಲಿರ್ತೀನಿ," ಅಂದಳು. ಹೇಳುವಾಗಲೇ ಅವಳಿಗೆ ಸಮಾಧಾನವೂ ಆಯಿತು. ಒರಳು ಕೊನೆಗೂ ಗುರುದತ್ತನ ಕೈ ಸೇರುತ್ತದೆ. ಸುಳ್ಳೆಲ್ಲ ಹಿಂದುಮುಂದಾಗಿ ನಿಜವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

"ಮೆಲ್ಬರ್ನಾ? ಒಳ್ಳೇದಾಯ್ತು. ಈ ಸಲ ನಾವೇ ಏರ್‌ಪೋರ್ಟಿಗೆ ಬಿಡ್ತೀವಿ," ಅಂದರು ಆಂಟಿ.

ಬೇಡವೆಂದು ಅವಳು ಎಷ್ಟು ಕೊಸರಾಡಿದರೂ ಕೇಳಲಿಲ್ಲ. ಹೊರಡುವ ಮಧ್ಯಾಹ್ನ ಅಂಕಲ್ ರಜೆ ಹಾಕಿ ಕಾರು ತೆಗೆದರು. ಸಂಯುಕ್ತಾ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದಳು: ಡೊಮೆಸ್ಟಿಕ್‌ನಲ್ಲಿ ಇಳಿದು, ಇವರಿಗೆ ಕೈ ಬೀಸಿ, ಆಮೇಲೆ ಎರಡು ಸೂಟ್‌ಕೇಸ್ ಎಳೆದುಕೊಂಡು ರೈಲು ಹತ್ತಿ ಇಂಟರ್‌ನ್ಯಾಷನಲ್‌ಗೆ ಓಡಬೇಕು. ಸಮಯ ಸಾಕಾಗಬಹುದು.

ರಸ್ತೆ ಕವಲೊಡೆಯುವಲ್ಲಿ ಡೊಮೆಸ್ಟಿಕ್ ಎಂಬ ಹಲಗೆ ಬಂತು. ಕಾರು ಆ ಕಡೆ ತಿರುಗಲಿಲ್ಲ.

"ಅಂಕಲ್, ಟರ್ನ್ ಮಿಸ್ ಆಯ್ತು."

"ಇಲ್ಲಮ್ಮ," ಅಂದರು ಅಂಕಲ್, ರಸ್ತೆಯಿಂದ ಕಣ್ಣು ತೆಗೆಯದೆ. "ಸರಿಯಾಗೇ ಹೋಗ್ತಿದೀವಿ."

ಕಾರು ಇಂಟರ್‌ನ್ಯಾಷನಲ್ ಟರ್ಮಿನಲ್ಲಿನ ಮುಂದೆ ನಿಂತಿತು. ಆಂಟಿ ಮುಂದಿನ ಸೀಟಿನಿಂದ ತಿರುಗಿ, ಕೈಚೀಲದಿಂದ ಒಂದು ಉಣ್ಣೆಯ ಟೋಪಿ ತೆಗೆದು ಸಂಯುಕ್ತಾಳ ಮಡಿಲಿಗೆ ಹಾಕಿದರು. ಕೈಯಲ್ಲೇ ಹೆಣೆದದ್ದು. ಟೋಪಿಯೊಳಗೆ ಏನೋ ಗಟ್ಟಿಯಾಗಿತ್ತು. ತೆಗೆದು ನೋಡಿದರೆ ಒಂದು ಹಿತ್ತಾಳೆಯ ಬಿಲ್ಲೆ, ನಡುವೆ ನಕ್ಷತ್ರದ ಆಕಾರದ ತೂತು.

"ಒರಳಿನದು," ಅಂದರು ಆಂಟಿ. "ಅವತ್ತು ತಿಕ್ಕಿ ಕಿಟಕಿಯಲ್ಲಿ ಇಟ್ಟಿದ್ನಲ್ಲ, ಹೊಲಿಯೋವಾಗ ಇದೊಂದು ಹಾಕೋದು ಮರೆತೆ. ದೀಪಾವಳಿ ದಿನ ಇದು ನನ್ನ ಅಡುಗೆಮನೇಲಿತ್ತು. ಇದಿಲ್ದೆ ನನ್ನ ತಮ್ಮ ಮುಳ್ಳುಮುಳ್ಳಾಗಿ ಚಕ್ಕುಲಿ ಒತ್ತಿದ. ನೀನು ಆರು ತಿಂದೆ."

ಸಂಯುಕ್ತಾ ತಲೆಯೆತ್ತಲಿಲ್ಲ. ಕಣ್ಣಿನಿಂದ ನೀರು ಬಿಲ್ಲೆಯ ಮೇಲೆ ಬಿತ್ತು.

"ಅವನಿಗೆ ಮರುದಿನವೇ ಫೋನ್ ಮಾಡಿ ಜಬರ್ದಸ್ತು ಮಾಡಿದೆ, ಎಲ್ಲ ಕಕ್ಕಿದ. ಇವತ್ತಿನ ಫ್ಲೈಟ್ ನಂಬರನ್ನೂ ಅವನೇ ಹೇಳಿದ್ದು. ನೀನಾಗಿ ಹೇಳ್ತೀಯ ಅಂತ ಮೂರು ತಿಂಗಳು ಕಾದೆ ಕಣೇ. ಗಡಿಯಾರ ಕೇಳಿದೆ, ಬೆಟ್ಟ ಕೇಳಿದೆ, ಮೂವತ್ತು ಜನರ ಮುಂದೆ ನಿಲ್ಸಿದೆ. ನೀನು ಅಲ್ಲಾಡಲಿಲ್ಲ."

"ಸಿಟ್ಟು ಬರ್ಲಿಲ್ವಾ ಆಂಟಿ?"

"ಬಂತು. ಒಂದು ವಾರ ಇವರಿಗೂ ಸರಿಯಾಗಿ ಊಟ ಹಾಕ್ಲಿಲ್ಲ. ಆಮೇಲೆ ಕ್ರಿಸ್‌ಮಸ್‌ಗೆ ನೀನು ಬಂದಾಗ ನಿನ್ನ ಕಪಾಟು ನೋಡಿದೆ. ಒಂದು ಹೊಲಿಗೇನೂ ಬಿಚ್ಚಿರಲಿಲ್ಲ. ಪೋಸ್ಟಿಗೂ ಹಾಕಿರಲಿಲ್ಲ. ಸರಿ ಹೋಗ್ಲಿ ಅನ್ನಿಸ್ತು."

ಅಂಕಲ್ ಇಳಿದು ಸೂಟ್‌ಕೇಸುಗಳನ್ನು ಟ್ರಾಲಿಗೆ ಏರಿಸಿದರು. ಸಂಯುಕ್ತಾ ಬಗ್ಗಿ ಇಬ್ಬರ ಕಾಲನ್ನೂ ಮುಟ್ಟಿದಳು. ಆ ಗಡಿಬಿಡಿಯಲ್ಲಿ ಹಿಂದಿನ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಆಂಟಿ ಟೋಪಿಯನ್ನು ಅವಳ ತಲೆಗೆ ಒತ್ತಿ ಕೂರಿಸಿದರು, ಸಿಡ್ನಿಯ ಫೆಬ್ರವರಿಯ ಉರಿಬಿಸಿಲಿನಲ್ಲಿ.

"ಹೋದ್ಮೇಲೆ ಭಾನುವಾರ ಫೋನ್ ಮಾಡು," ಅಂದರು. "ಈ ಸಲ ನಿದ್ದೆ ಬಂದ್ರೆ ಮಾತ್ರ ಆಕಳಿಸು."