ಕಾಗೆ ಒಪ್ಪದ ಸೀರೆ

ಪಿತೃಪಕ್ಷ ಬಂತೆಂದರೆ ತಿ. ನರಸೀಪುರದ ನಮ್ಮ ಸೀರೆ ಅಂಗಡಿಯಲ್ಲಿ ಬದುಕಿರುವವರಿಗಿಂತ ಸತ್ತವರಿಗೇ ವ್ಯಾಪಾರ ಜಾಸ್ತಿ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವಾಗ ಅವರ ಹೆಸರಿನಲ್ಲಿ ಹೊಸ ಬಟ್ಟೆಯನ್ನೂ ಇಡಬೇಕು. ಪೂಜೆ ಮುಗಿದ ಮೇಲೆ ಆ ಸೀರೆಯನ್ನು ಮನೆಯ ಮಗಳೋ ಸೊಸೆಯೋ ಉಡುತ್ತಾಳೆ. ಹಾಗಾಗಿ ತೀರಿಕೊಂಡ ಅತ್ತೆಯ ಹೆಸರು ಹೇಳಿ ತಮಗೆ ಒಪ್ಪುವ ಬಣ್ಣ ಆರಿಸುವ ಸೊಸೆಯರನ್ನು ಬೇಕಾದಷ್ಟು ನೋಡಿದ್ದೇನೆ. ನಗು ನುಂಗಿಕೊಂಡು, ಸೀರೆ ಬಿಚ್ಚಿ ನನ್ನ ಭುಜದ ಮೇಲೆ ಹಾಕಿ ತೋರಿಸುವುದು ನನ್ನ ಕೆಲಸ.

ಈ ಸಲ ಮಾಲೇ ಸಾಲಲಿಲ್ಲ. ಸೂರತ್ತಿನ ಲೋಡು ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಓನರ್ ಚಂದ್ರಶೇಖರ್ ಸಾರ್ ಗಲ್ಲಾದಲ್ಲಿ ಕೂತು ಹೇಳುತ್ತಲೇ ಇದ್ದರು. ಗಿರಾಕಿಗಳ ಬೈಗುಳ ಮಾತ್ರ ಗಲ್ಲಾದ ತನಕ ಹೋಗದೆ ನನ್ನ ಕೌಂಟರಿನಲ್ಲೇ ಇಳಿಯುತ್ತಿತ್ತು.

ಆ ಗಲಾಟೆಯಲ್ಲಿ ಸೋಮನಾಥಪುರದ ಚಿಕ್ಕಸ್ವಾಮಿ ಬಂದರು. ವಯಸ್ಸಾದ ಮನುಷ್ಯ, ಹೆಗಲ ಮೇಲೆ ಟವೆಲ್ಲು. ಹೆಂಡತಿ ಮಂಚಮ್ಮ ತೀರಿಕೊಂಡ ಮೇಲೆ ಇದೇ ಮೊದಲ ಎಡೆಯಂತೆ.

“ಮೈಲುತುತ್ತದ ನೀಲಿ ಕೊಡವ್ವ, ಕೆಂಪಂಚು ಇರ್ಬೇಕು. ಭಾಳ ಆಸೆ ಪಟ್ಟಿದ್ಲು. ಮುಂದ್ಲೊರ್ಸ ನೋಡನ ಬುಡು ಅಂದ್ಬುಟ್ಟಿದ್ದೆ.”

ಆ ಬಣ್ಣ ಖಾಲಿಯಾಗಿತ್ತು. ಇದ್ದಬದ್ದ ಸೀರೆಗಳನ್ನೆಲ್ಲ ಭುಜದ ಮೇಲೆ ಹಾಕಿ ತೋರಿಸಿದೆ. ಒಂದಕ್ಕೂ ಒಪ್ಪಲಿಲ್ಲ. ತಿಳಿ ನೇರಳೆಯದೊಂದನ್ನು ಹಾಕಿದಾಗ ಮಾತ್ರ ಸ್ವಲ್ಪ ಹೊತ್ತು ನೋಡಿದರು.

“ನಿಂಗೊಪ್ತದೆ. ಅವುಳ್ಗೆ ಎಂಗೋ ಕಾಣೆ.”

“ಎಡೆ ಆದ್ಮೇಲೆ ಯಾರು ಉಡ್ತಾರೆ ಯಜಮಾನ್ರೇ?”

“ಯಾರವ್ರೆ? ನಮ್ಗೆ ಮಕ್ಳೇ ಆಗ್ನಿಲ್ಲ. ಪೆಟ್ಗೇಲಿ ಮಡಗ್ತೀನಿ.”

ಹಿಂದೆ ಜನ ನೂಕುತ್ತಿದ್ದರು. “ತಗೊಂಡೋಗಿ. ಅವ್ರಿಗೆ ಹಿಡಿಸ್ದಿದ್ರೆ ವಾಪಸ್ ತನ್ನಿ, ಬದಲಾಯಿಸಿ ಕೊಡ್ತೀನಿ” ಅಂದೆ. ಹಬ್ಬವಿಲ್ಲದಾಗ ದಿನವಿಡೀ ಹೇಳುವ ಮಾತು, ರೂಢಿಯಲ್ಲಿ ಬಾಯಿಂದ ಜಾರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ನಗಲಿಲ್ಲ, “ಆಗ್ಲಿ” ಎಂದು ತಲೆಯಾಡಿಸಿ ಸೀರೆ ತೆಗೆದುಕೊಂಡು ಹೋದರು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಮತ್ತೆ ಬಂದರು. ಕೈಯಲ್ಲಿ ಅದೇ ಕವರು.

“ಅವುಳ್ಗೆ ಇಡಿಸ್ನಿಲ್ಲ ಕಣವ್ವ.”

ಎಡೆಯ ಊಟವನ್ನು ಹೆಂಚಿನ ಮೇಲಿಟ್ಟಾಗ ಕಾಗೆ ಮುಟ್ಟಿದರೆ ಹಿರಿಯರು ಉಂಡ ಹಾಗೆ. ಇವರು ಇಟ್ಟದ್ದನ್ನು ಕಾಗೆ ಮುಟ್ಟಲಿಲ್ಲವಂತೆ.

“ನಾಟಿಕೋಳಿ ಸಾರು, ವಡೆ, ಎಲ್ಲಾ ಮಡಗಿದ್ದೆ. ಒಂದ್ಕಾಗೆ ಬಂತು, ನೋಡ್ತು, ಆರೋಯ್ತು. ಬದುಕಿದ್ದಾಗ್ಲೂ ಅಂಗೇಯ, ಮುನಿಸ್ಕಂಡ್ರೆ ಊಟ ಮುಟ್ತಿರ್ನಿಲ್ಲ. ನಾಳೆ ಅಮಾಸೆ, ಇನ್ನೊಂದ್ಸಲ ಎಡೆ ಮಡಗ್ತೀನಿ. ಅದೂ ತಪ್ಪುದ್ರೆ ಬರೋ ವರ್ಸದ ಗಂಟ ಅಸ್ಕಂಡಿರ್ಬೇಕು ಅವ್ಳು.”

ಪಕ್ಕದ ಕೌಂಟರಿನ ಶಾಂತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಅವರ ಕೈಯಿಂದ ಕವರು ಇಸಿಕೊಂಡೆ.

ಓನರ್ ಬಂದು ಸೀರೆ ಬಿಡಿಸಿ ನೋಡಿದರು. ಸಾಂಬ್ರಾಣಿ ವಾಸನೆ, ಅಂಚಿನಲ್ಲಿ ಕುಂಕುಮದ ಕಲೆ. “ಹಬ್ಬದಲ್ಲಿ ಎಕ್ಸ್‌ಚೇಂಜ್ ಇಲ್ಲ ಯಜಮಾನ್ರೇ, ಬೋರ್ಡೇ ಹಾಕಿದ್ದೀವಿ. ಎಡೆಗಿಟ್ಟಿದ್ದನ್ನ ಇನ್ಯಾರು ತಗೋತಾರೆ ಹೇಳಿ?” ಅವರದೂ ತಪ್ಪಲ್ಲ. ಚಿಕ್ಕಸ್ವಾಮಿ ಜಗಳಕ್ಕೆ ನಿಲ್ಲಲಿಲ್ಲ. ನನ್ನ ಕಡೆ ತೋರಿಸಿ, “ಬದ್ಲಾಯಿಸ್ಕೊಡ್ತೀನಿ ಅಂತ ಈ ಮಗ ಏಳಿತ್ತು” ಎಂದಷ್ಟೇ ಹೇಳಿ, ಕವರು ಮಡಚಿಕೊಂಡು ಮೆಟ್ಟಿಲಿಳಿದರು.

ಹಿಂದಿನ ದಿನವಷ್ಟೇ ದಸರೆಗೆಂದು ನಮಗೆಲ್ಲ ಯೂನಿಫಾರ್ಮ್ ಸೀರೆ ಹಂಚಿದ್ದರು. ನವರಾತ್ರಿಯ ಮೊದಲ ದಿನದಿಂದ ಎಲ್ಲರೂ ಅದನ್ನೇ ಉಡಬೇಕು. ಮೈಲುತುತ್ತದ ನೀಲಿ, ಕೆಂಪು ಅಂಚು. ಗಿರಾಕಿಗೆ ಇಲ್ಲ ಅಂದಿದ್ದ ಮಾಲು ನಮ್ಮ ಮೈಮೇಲೆ ಬರಲೆಂದು ಗೋಡೌನಿನಲ್ಲಿ ಕೂತಿತ್ತು! ನನ್ನದಿನ್ನೂ ಮಡಿಕೆ ಬಿಚ್ಚದೆ ಬ್ಯಾಗಿನಲ್ಲೇ ಇತ್ತು. ಬ್ಯಾಗು ಹಿಡಿದು ಓಡಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕರು.

ಸೀರೆ ನೋಡಿ ಅಂಚನ್ನು ಬೆರಳಲ್ಲಿ ಸವರಿದರು. “ಇದೇ ಕಣವ್ವ! ನಿಂದಾ ಇದು?”

“ಅಂಗಡೀದು” ಅಂದೆ. ಸುಳ್ಳೇನಲ್ಲ. ನೇರಳೆ ಸೀರೆಯ ಕವರನ್ನು ನಾನಿಸಿಕೊಂಡೆ.

ನವರಾತ್ರಿಯ ಮೊದಲ ದಿನ ಅಂಗಡಿ ತುಂಬ ನೀಲಿ. ನಾನೊಬ್ಬಳೇ ನೇರಳೆ. “ಯಾರೋ ಸತ್ತೋರ್ಗೆ ಇಟ್ಟಿದ್ದು ಕಣೇ, ಯಾಕೆ ಉಟ್ಕೊಂಡೆ?” ಎಂದು ಶಾಂತಿ ಪಿಸುಗುಟ್ಟಿದಳು. “ಆಯಮ್ಮನೇ ಬೇಡ ಅಂದಿದ್ದಲ್ವಾ” ಅಂದೆ. ಅಷ್ಟರಲ್ಲಿ ಓನರ್, “ಎಲ್ಲಿ ಪವಿತ್ರಾ ಯೂನಿಫಾರ್ಮು?” ಎಂದು ಗಿರಾಕಿಗಳೆದುರೇ ಗದರಿದರು. ಆಗಲೇ ಬಾಗಿಲಲ್ಲಿ ಚಿಕ್ಕಸ್ವಾಮಿ, ಕೈಯಲ್ಲಿ ಕಜ್ಜಾಯದ ಡಬ್ಬಿ.

“ಮುಟ್ತು ಕಣವ್ವ! ನಾನಿನ್ನೂ ಏಣಿ ಇಳ್ದಿರ್ನಿಲ್ಲ, ವಡೆ ಕಚ್ಕಂಡೋಯ್ತು!”

ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದ ಸುಕ್ಕೆಲ್ಲ ಸಡಿಲವಾಯಿತು.

“ಓ, ಇದಾ ಸಮಾಚಾರ? ಅವ್ಳು ಮುನಿಸ್ಕಂಡಿರ್ನಿಲ್ಲ. ಎಡೆ ಸೀರೆ ಮಗಳು ಉಡ್ಬೇಕಲ್ವಾ, ನಿಂಗೇಂತ ಬುಟ್ಟವ್ಳೆ.”

ಓನರ್ ಡಬ್ಬಿಗೆ ಕೈಹಾಕಿ ಒಂದು ಕಜ್ಜಾಯ ತೆಗೆದುಕೊಂಡರು.

ಈ ಭುಜದ ಮೇಲೆ ಎಷ್ಟು ಸೀರೆ ಹಾಕಿ ತೋರಿಸಿದ್ದೇನೋ. ಎಲ್ಲವನ್ನೂ ತೆಗೆದು, ಮಡಚಿ, ಇನ್ನೊಬ್ಬರ ಕವರಿಗೆ ಹಾಕಿದ್ದೇ. ಇದು ನಿನಗೆ ಅಂತ ಯಾರೂ ಅಂದಿರಲಿಲ್ಲ. ಅಂದವಳ ಮುಖವನ್ನು ನಾನು ನೋಡಿಯೂ ಇಲ್ಲ. ಕೌಂಟರಿನ ಹಿಂದೆ ತಿರುಗಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಒಗೆದಿದ್ದರೂ ಸಾಂಬ್ರಾಣಿ ವಾಸನೆ ಇನ್ನೂ ಹೋಗಿರಲಿಲ್ಲ.